ಸೌರ ಗೃಹದೀಪ ವ್ಯವಸ್ಥೆಗೆ ವಿದ್ಯುತ್ ಉಪಕರಣಗಳ ಸುರಕ್ಷಿತ ಜೋಡಣೆ

ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲ್ಲೂಕುಗಳಲ್ಲಿ, ವಿಶೇಷವಾಗಿ ಘಟ್ಟದ ತಪ್ಪಲಿನ ಒಂಟಿ ಮನೆಗಳಲ್ಲಿ, 12 ವೋಲ್ಟ್ ಬ್ಯಾಟರಿಯ ಸೌರ ಗೃಹದೀಪ ವ್ಯವಸ್ಥೆಗಳು ಬಳಕೆಯಲ್ಲಿವೆ. 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘಗಳೂ ಇವುಗಳ ಪ್ರಸಾರಕ್ಕೆ ನೆರವಾಗಿವೆ. ಇಂತಹ ವ್ಯವಸ್ಥೆಗೆ ಸಾಲ ಅಥವಾ ಸಹಾಯಧನ ಕೋರುವವರು ಹಾಗೂ ಇರುವ ವ್ಯವಸ್ಥೆಗೆ ಹೊಸ ಉಪಕರಣ ಸೇರಿಸಲಿಚ್ಛಿಸುವವರು ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ವೋಲ್ಟೇಜ್ ಕಡಿಮೆಯಿದ್ದರೂ ಅಪಾಯವುಂಟು
60 ವ್ಯಾಟ್ ಉಪಕರಣವು 230 ವೋಲ್ಟ್ ಮಾರ್ಗದಲ್ಲಿ ಸುಮಾರು 0.26 ಆಂಪಿಯರ್, 12 ವೋಲ್ಟ್ ಮಾರ್ಗದಲ್ಲಿ 5 ಆಂಪಿಯರ್ ವಿದ್ಯುತ್ ಸೆಳೆಯುತ್ತದೆ. ಆದ್ದರಿಂದ ತೆಳು ತಂತಿ ಹಾಗೂ ಸಡಿಲ ಜೋಡಣೆಗಳು ಕಾದು ಬೆಂಕಿ ಹೊತ್ತಿಕೊಳ್ಳುವ ಸಂಭವವಿದೆ. 10 ಮೀಟರ್ ದೂರದ ಕೊಟ್ಟಿಗೆಗೆ 1.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 5 ಆಂಪಿಯರ್ ಒಯ್ದರೆ ಸುಮಾರು 1.2 ವೋಲ್ಟ್ ದಾರಿಯಲ್ಲೇ ನಷ್ಟವಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಈ ನಷ್ಟವು 0.5 ವೋಲ್ಟ್‌ಗಿಂತ ಕಡಿಮೆ.

2. ಹೊರೆಯ ಲೆಕ್ಕ
5 ವ್ಯಾಟ್‌ನ 4 ದೀಪಗಳು 5 ಗಂಟೆ ಉರಿದರೆ 100 ವ್ಯಾಟ್-ಗಂಟೆ. 12 ವ್ಯಾಟ್‌ನ ಡಿ.ಸಿ. ಫ್ಯಾನ್ 8 ಗಂಟೆ ತಿರುಗಿದರೆ 96, ಒಟ್ಟು 196. 12 ವೋಲ್ಟ್, 40 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯ 480 ವ್ಯಾಟ್-ಗಂಟೆಯಲ್ಲಿ ಅರ್ಧದಷ್ಟು, ಎಂದರೆ 240ನ್ನು ಮಾತ್ರ ಬಳಸುವುದು ಬ್ಯಾಟರಿಯ ಬಾಳಿಕೆಗೆ ಹಿತಕರ. ಹೀಗಾಗಿ ಮಳೆಗಾಲದಲ್ಲಿ ಎರಡು ದಿನ ಬಿಸಿಲು ಬಾರದಿದ್ದರೆ ಇದು ಸಾಲದು. ಫ್ಯಾನ್ ನಿಲ್ಲಿಸಿ ಅಗತ್ಯ ದೀಪಗಳನ್ನಷ್ಟೇ ಉರಿಸತಕ್ಕದ್ದು. ಅರ್ಜಿಯೊಂದಿಗೆ ಇಂತಹ ಪಟ್ಟಿ ಲಗತ್ತಿಸಿದಲ್ಲಿ ತಕ್ಕ ಸಾಮರ್ಥ್ಯ ನಿರ್ಧರಿಸಲು ಅನುಕೂಲವಾಗುವುದು.

3. ಜೋಡಿಸುವ ಕ್ರಮ
ಅ) ಮೊದಲು ಬ್ಯಾಟರಿ, ಬಳಿಕ ಸೌರ ಫಲಕ, ಕೊನೆಗೆ ಉಪಕರಣಗಳನ್ನು ಚಾರ್ಜ್ ನಿಯಂತ್ರಕಕ್ಕೆ ಜೋಡಿಸಬೇಕು. ಕಳಚುವಾಗ ಇದರ ವಿರುದ್ಧ ಕ್ರಮ ಅನುಸರಿಸಬೇಕು.
ಆ) ದೀಪ, ಫ್ಯಾನ್‌ಗಳನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಾರದು. ಹಾಗೆ ಮಾಡಿದಲ್ಲಿ ಬ್ಯಾಟರಿ ಪೂರ್ಣ ಬರಿದಾಗುವುದನ್ನು ನಿಯಂತ್ರಕವು ತಡೆಯಲಾರದು.
ಇ) ಧನ ಮತ್ತು ಋಣ ತಂತಿಗಳು ಅದಲುಬದಲಾಗದಂತೆ ಬಣ್ಣದಿಂದ ಗುರುತಿಸಬೇಕು.
ಈ) ಬ್ಯಾಟರಿಯ ಧನ ತುದಿಗೆ ಸಮೀಪದಲ್ಲೇ, ತಂತಿಯ ಸಾಮರ್ಥ್ಯ ಮೀರದ ಫ್ಯೂಸ್ ಅಳವಡಿಸಬೇಕು. ಫ್ಯೂಸ್ ಬದಲಿಗೆ ತಂತಿ ಸುತ್ತುವುದು ಅಪಾಯಕರ.
ಉ) ಡಿ.ಸಿ. ಬಳಕೆಗೆಂದು ನಮೂದಿಸಿದ ಸ್ವಿಚ್‌ಗಳನ್ನೇ ಬಳಸಬೇಕು. ಎ.ಸಿ. ವಿದ್ಯುತ್ ಪ್ರತಿ ಸೆಕೆಂಡಿಗೆ 100 ಬಾರಿ ಶೂನ್ಯಕ್ಕಿಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿ.ಸಿ.ಯಲ್ಲಿ ಹಾಗಾಗುವುದಿಲ್ಲ.
ಊ) ಬ್ಯಾಟರಿಯಿಂದ ಹೊಮ್ಮುವ ಜಲಜನಕ ಅನಿಲ ಸ್ಫೋಟಕವಾದುದರಿಂದ ಅದನ್ನು ಗಾಳಿಯಾಡುವ ಸ್ಥಳದಲ್ಲಿಟ್ಟು, ಒಲೆ, ದೀಪದ ಕುಡಿಗಳಿಂದ ದೂರವಿರಿಸಬೇಕು.

4. ವಿಶೇಷ ಸೂಚನೆ
ಸೌರ ಮಾರ್ಗದ ತಂತಿಗಳನ್ನು ಮೆಸ್ಕಾಂ ಮಾರ್ಗದ ತಂತಿಗಳೊಡನೆ ಎಂದಿಗೂ ಕೂಡಿಸಬಾರದು. ಗುಡುಗು ಸಿಡಿಲಿನ ವೇಳೆ ಜೋಡಣೆ ಕೆಲಸ ಕೈಗೊಳ್ಳಬಾರದು. ಮೆಸ್ಕಾಂ ಜಾಲಕ್ಕೆ ಸೇರಿದ ಛಾವಣಿ ಸೌರ ಘಟಕಗಳ ಡಿ.ಸಿ. ಭಾಗದಲ್ಲಿ ನೂರಾರು ವೋಲ್ಟ್ ಇರಬಹುದಾದ್ದರಿಂದ ಅವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ದುರಸ್ತಿಪಡಿಸಿಕೊಳ್ಳತಕ್ಕದ್ದು. ಮೆಸ್ಕಾಂ ಮಾರ್ಗಕ್ಕೆ ಸಂಬಂಧಿಸಿದ ದೂರುಗಳಿಗೆ 1912 ಸಂಖ್ಯೆಗೆ ಕರೆ ಮಾಡಬಹುದು.