ಮೊದಲು ತಂಡವೋ, ಮೊದಲು ನೆಲವೋ? ಹಾಕಿಯ ಒಂದು ಹಳೆಯ ವಾದ

ಸೌದಿ ಅರೇಬಿಯಾದಲ್ಲಿ ನೆಲೆಸಿರುವ ನಮಗೆ ಈ ನಾಡಿನ ಫುಟ್‌ಬಾಲ್ ಹುಚ್ಚು ಚೆನ್ನಾಗಿ ತಿಳಿದದ್ದೇ. 2022ರ ಜೂನ್ 27ರಂದು ಜೆದ್ದಾದ ಅಲ್-ಅಹ್ಲಿ ಕ್ಲಬ್ಬು ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ದೇಶದ ಅಗ್ರ ಲೀಗಿನಿಂದ ಕೆಳಗಿನ ಶ್ರೇಣಿಗೆ ಇಳಿಯಿತು. 1937ರಲ್ಲಿ ಸ್ಥಾಪನೆಗೊಂಡು, ಆರೇ ವರ್ಷಗಳ ಹಿಂದೆ ಲೀಗ್ ಪ್ರಶಸ್ತಿಯನ್ನು ಗೆದ್ದಿದ್ದ ತಂಡವದು. ಹಳಬರನ್ನು ಉಳಿಸಿಕೊಂಡು ಮೇಲೇರುವುದೋ, ಎಲ್ಲವನ್ನೂ ಕೆಡವಿ ಹೊಸದಾಗಿ ಕಟ್ಟುವುದೋ ಎಂಬ ಪ್ರಶ್ನೆ ಇಂಥ ಹೊತ್ತಿನಲ್ಲಿ ಏಳದೆ ಇರದು. ಮರುವರ್ಷವೇ ಅಲ್-ಅಹ್ಲಿ ಕೆಳ ಶ್ರೇಣಿಯ ಪ್ರಥಮ ಸ್ಥಾನದೊಂದಿಗೆ ಹಿಂದಿರುಗಿತು. 2023ರ ಜೂನ್‌ನಲ್ಲಿ ಸಾರ್ವಜನಿಕ ಹೂಡಿಕೆ ನಿಧಿಯು ಅದರ ಒಡೆತನದ ಬಹುಪಾಲನ್ನು ವಹಿಸಿಕೊಂಡಿತು. ಮಹ್ರೆಜ್, ಫರ್ಮಿನೋರಂಥ ವಿಶ್ವಖ್ಯಾತರು ಬಂದರು. 2025ರ ಮೇ 3ರಂದು ಜಪಾನಿನ ಕಾವಾಸಾಕಿ ತಂಡವನ್ನು 2-0 ಗೋಲುಗಳಿಂದ ಮಣಿಸಿ ಅದು ಏಷ್ಯಾದ ಚಾಂಪಿಯನ್ ಆಯಿತು. ಬಿದ್ದು ಎದ್ದು ಶಿಖರ ಮುಟ್ಟಲು ಹಿಡಿದದ್ದು ಮೂರು ವರ್ಷಕ್ಕೂ ಕಡಿಮೆ.

ಇದೇ ಪ್ರಶ್ನೆಯನ್ನು ಕನ್ನಡ ನಾಡಿನ ಒಂದು ಪುಟ್ಟ ಜಿಲ್ಲೆ, ಮತ್ತು ಅದರೊಡನೆ ಇಡೀ ದೇಶ, ಬೇರೊಂದು ಆಟದ ಬಗ್ಗೆ ನಾಲ್ಕು ದಶಕಗಳ ಕಾಲ ಚರ್ಚಿಸಿತು. ಆ ಆಟ ಹಾಕಿ. ಆ ಜಿಲ್ಲೆ ಕೊಡಗು. ಅಲ್ಲಿ ಹಣದ ಹೊಳೆ ಹರಿಯಲಿಲ್ಲವಾದ್ದರಿಂದ ಕಥೆ ನಿಧಾನವಾಗಿ ಸಾಗಿತು. ಅದಕ್ಕೇ ಅದರಲ್ಲಿ ಕಲಿಯುವುದು ಹೆಚ್ಚು ಇದೆ ಎಂದು ನನ್ನ ಭಾವನೆ.

1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1956ರ ಮೆಲ್ಬರ್ನ್‌ವರೆಗೆ ಭಾರತ ಸತತ ಆರು ಒಲಿಂಪಿಕ್ ಚಿನ್ನ ಗೆದ್ದ ಸಂಗತಿ ಎಲ್ಲರಿಗೂ ಬಾಯಿಪಾಠ. 1960ರ ರೋಮ್‌ನಲ್ಲಿ ಪಾಕಿಸ್ತಾನದೆದುರು ಒಂದು ಗೋಲಿನಿಂದ ಸೋತದ್ದು ಮೊದಲ ಬಿರುಕು. 1964ರಲ್ಲಿ ಚಿನ್ನ ಮರಳಿತು. 1968 ಮತ್ತು 1972ರಲ್ಲಿ ಕಂಚಿಗೆ ತೃಪ್ತಿಪಡಬೇಕಾಯಿತು. 1972ರ ಮ್ಯೂನಿಕ್ ತಂಡದಲ್ಲಿ ಕೊಡಗಿನ ಎಂ.ಪಿ. ಗಣೇಶ್ ಹಾಗೂ ಬಿ.ಪಿ. ಗೋವಿಂದ ಇದ್ದರು. 1973ರ ವಿಶ್ವಕಪ್‌ನಲ್ಲಿ ಗಣೇಶ್ ನಾಯಕರಾಗಿದ್ದರು. ಹಾಲೆಂಡ್ ವಿರುದ್ಧದ ಫೈನಲ್‌ನಲ್ಲಿ ಎರಡು ಗೋಲುಗಳ ಮುನ್ನಡೆ ಸಾಧಿಸಿಯೂ ತಂಡ ಪೆನಾಲ್ಟಿ ಸ್ಟ್ರೋಕ್‌ನಲ್ಲಿ ಸೋತಿತು. 1975ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಗೋವಿಂದ ಆ ತಂಡದಲ್ಲಿದ್ದರು. ಆಗ ಯಾರಿಗೂ ಪುನರ್ನಿರ್ಮಾಣದ ಮಾತು ಹೊಳೆದಿರಲಿಲ್ಲ.

ಮರುವರ್ಷವೇ ಮಾಂಟ್ರಿಯಲ್ ಬಂತು. ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಲಾಯಿತು. ಆಸ್ಟ್ರೇಲಿಯಾದೆದುರು ಭಾರತ 1-6ರಿಂದ ಸೋತು, ಕೊನೆಗೆ ಏಳನೆಯ ಸ್ಥಾನದಲ್ಲಿ ನಿಂತಿತು. ಹುಲ್ಲಿನ ಮೈದಾನದಲ್ಲಿ ಚೆಂಡು ಪುಟಿಯುತ್ತದೆ, ತಡೆಯುತ್ತದೆ, ತಿರುಗುತ್ತದೆ. ಅದನ್ನು ಕೋಲಿನ ತುದಿಯಲ್ಲಿ ಮುದ್ದಿಸಿ ಕೊಂಡೊಯ್ಯುವ ಕೈಚಳಕವೇ ನಮ್ಮವರ ಬಂಡವಾಳವಾಗಿತ್ತು. ಕೃತಕ ಹಾಸಿನ ಮೇಲಾದರೋ ಚೆಂಡು ನೇರವಾಗಿ, ವೇಗವಾಗಿ ಓಡುತ್ತದೆ. ಅಲ್ಲಿ ಬೇಕಾದದ್ದು ಓಟ, ದಮ್ಮು, ಉದ್ದನೆಯ ಪಾಸು, ಪೆನಾಲ್ಟಿ ಕಾರ್ನರಿನ ಕಟ್ಟುನಿಟ್ಟು.

ಅಭಿಮಾನಿಗಳ ವಾದ ಅಲ್ಲಿಂದ ಆರಂಭವಾಯಿತು. ‘ಹಾಸು ನಮ್ಮನ್ನು ಸೋಲಿಸಲೆಂದೇ ಯುರೋಪಿನವರು ತಂದ ಹುನ್ನಾರ, ಆಟವೇನೂ ಕೆಟ್ಟಿಲ್ಲ’ ಎಂದವರು ಒಂದು ಪಂಗಡ. ‘ಹಳೆಯ ಶೈಲಿಯನ್ನು ಬಿಟ್ಟು ಯುರೋಪಿನಂತೆ ಆಡಲು ಕಲಿಯಬೇಕು, ಹೊಸ ಹುಡುಗರನ್ನು ತರಬೇಕು’ ಎಂದವರು ಇನ್ನೊಂದು. ಮೊದಲ ಪಂಗಡದ ದುಃಖ ನನಗೆ ಅರ್ಥವಾಗುತ್ತದೆ, ವಾದ ಮಾತ್ರ ಒಪ್ಪಿಗೆಯಾಗದು. ಏಕೆಂದರೆ ನಮ್ಮಂತೆಯೇ ಹುಲ್ಲಿನ ಮೇಲೆ ಬೆಳೆದ ಪಾಕಿಸ್ತಾನ ಅದೇ ಮಾಂಟ್ರಿಯಲ್‌ನಲ್ಲಿ ಕಂಚು ಗೆದ್ದಿತು, 1984ರಲ್ಲಿ ಚಿನ್ನವನ್ನೂ ಗೆದ್ದಿತು. ಹಾಸು ಇಬ್ಬರಿಗೂ ಒಂದೇ ಆಗಿತ್ತು.

ವಾದ ಇನ್ನಷ್ಟು ಕಾವೇರಬೇಕಾದ ಹೊತ್ತಿನಲ್ಲಿ 1980ರ ಮಾಸ್ಕೋ ಚಿನ್ನ ಅದರ ಮೇಲೆ ತಣ್ಣೀರು ಎರಚಿತು. ಕೊಡಗಿನ ಎಂ.ಎಂ. ಸೋಮಯ್ಯ ಆ ತಂಡದಲ್ಲಿದ್ದರು. ಫೈನಲ್‌ನಲ್ಲಿ ಸ್ಪೇನನ್ನು 4-3ರಿಂದ ಸೋಲಿಸಿದ್ದು ನಿಜಕ್ಕೂ ರೋಮಾಂಚಕಾರಿ ಆಟ. ಆದರೆ ಬಹಿಷ್ಕಾರದ ಆ ವರ್ಷ ಪಾಕಿಸ್ತಾನ, ಪಶ್ಚಿಮ ಜರ್ಮನಿ, ಹಾಲೆಂಡ್, ಆಸ್ಟ್ರೇಲಿಯಾ ಯಾರೂ ಕಣದಲ್ಲಿರಲಿಲ್ಲ. ಇದ್ದದ್ದು ಆರು ತಂಡಗಳು. ಅವುಗಳಲ್ಲಿ ಒಂದಾದ ಟಾಂಜಾನಿಯಾದ ಮೇಲೆ ನಾವು 18 ಗೋಲು ಹೊಡೆದಿದ್ದೆವು. ಗೆದ್ದವರ ಶ್ರಮವನ್ನು ಕಿರಿದು ಮಾಡುವುದು ಸಲ್ಲದು. ಆದರೂ ಆ ಚಿನ್ನವು ಜ್ವರವಿದ್ದವನಿಗೆ ಹೊದಿಸಿದ ಪೀತಾಂಬರದಂತಿತ್ತು ಎನ್ನದೆ ವಿಧಿಯಿಲ್ಲ.

ಹೊದಿಕೆ ಜಾರಿದ್ದು 1982ರ ಡಿಸೆಂಬರ್ 1ರಂದು, ದೆಹಲಿಯಲ್ಲಿ. ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಪಾಕಿಸ್ತಾನದೆದುರು 1-7ರ ಸೋಲು. ಆ ಏಳು ಗೋಲುಗಳ ಭಾರವನ್ನೆಲ್ಲ ಜನರು ಗೋಲ್‌ಕೀಪರ್ ಮೀರ್ ರಂಜನ್ ನೇಗಿ ಎಂಬ ಒಬ್ಬನ ತಲೆಗೆ ಕಟ್ಟಿದರು. ದೇಶದ್ರೋಹದ ಆರೋಪದವರೆಗೂ ಹೋದರು. ‘ಚಕ್ ದೇ ಇಂಡಿಯಾ’ ಚಿತ್ರವನ್ನು ನೋಡಿದ ನಮ್ಮ ಮಕ್ಕಳಿಗೆ ಆ ಚಿತ್ರದ ನಟಿಯರಿಗೆ ಹಾಕಿ ಕಲಿಸಿದವರು ಇದೇ ನೇಗಿ ಎಂಬುದನ್ನು ಹೇಳಬೇಕು. ಒಬ್ಬನನ್ನು ಬಲಿಕೊಟ್ಟರೆ ಕಟ್ಟುವ ಕೆಲಸ ತಪ್ಪುತ್ತದೆ; ಆಮೇಲಿನ ಹಲವು ವರ್ಷ ನಡೆದದ್ದು ಅದೇ. ಇದಾಗಿ ಏಳು ತಿಂಗಳೊಳಗೆ ಲಾರ್ಡ್ಸ್ ಮೈದಾನದಲ್ಲಿ ಕ್ರಿಕೆಟ್ ವಿಶ್ವಕಪ್ ನಮ್ಮದಾಯಿತು. ಆ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಹುಡುಗರ ಕೈಯ ಹಾಕಿ ಕೋಲು ಬ್ಯಾಟಾಗಿ ಬದಲಾಯಿತು.

1986ರ ಲಂಡನ್ ವಿಶ್ವಕಪ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಭಾರತ ಹನ್ನೆರಡನೆಯದು. ಹನ್ನೊಂದನೆಯದು ಪಾಕಿಸ್ತಾನ! ಕೊನೆಯ ಸ್ಥಾನ ಯಾರಿಗೆ ಎಂಬುದಕ್ಕೆ ಈ ಎರಡು ದೇಶಗಳು ಸೆಣಸಿದ ದೃಶ್ಯವನ್ನು 1975ರಲ್ಲಿ ಯಾರು ಊಹಿಸಿದ್ದಾರು? 1988ರ ಸೋಲ್‌ನಲ್ಲಿ ಸೋಮಯ್ಯನವರ ನಾಯಕತ್ವದಲ್ಲಿ ಆರನೆಯ ಸ್ಥಾನ; ಬಳಿಕ ಏಳು, ಎಂಟು, ಏಳು, ಏಳು. ಎ.ಬಿ. ಸುಬ್ಬಯ್ಯ, ಅರ್ಜುನ್ ಹಾಲಪ್ಪ ಮುಂತಾದ ಕೊಡಗಿನವರು ಈ ಬರಗಾಲದಲ್ಲಿಯೂ ತಂಡಕ್ಕೆ ಬರುತ್ತಲೇ ಇದ್ದರು.

ಪ್ರತಿ ಸೋಲಿನ ನಂತರ ‘ಹೊಸ ತಂಡ ಕಟ್ಟಿ’ ಎಂಬ ಕೂಗು, ಪ್ರತಿ ಬಾರಿ ನಾಲ್ಕು ಹೆಸರುಗಳ ಬದಲಾವಣೆ, ಒಬ್ಬ ತರಬೇತುದಾರನ ನಿರ್ಗಮನ. ಗೆದ್ದಾಗಲೂ ಇದು ತಪ್ಪಲಿಲ್ಲ. 1998ರಲ್ಲಿ ಬ್ಯಾಂಕಾಕಿನಲ್ಲಿ 32 ವರ್ಷಗಳ ನಂತರ ಏಷ್ಯನ್ ಚಿನ್ನ ತಂದ ತಂಡದಿಂದ ನಾಯಕ ಧನರಾಜ್ ಪಿಳ್ಳೆ, ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಮೊದಲಾದ ಹಿರಿಯರನ್ನೂ ತರಬೇತುದಾರ ಎಂ.ಕೆ. ಕೌಶಿಕ್ ಅವರನ್ನೂ ಕೈಬಿಡಲಾಯಿತು. ಇದನ್ನು ಪುನರ್ನಿರ್ಮಾಣ ಎಂದು ಕರೆಯುವುದಾದರೆ ಮನೆಯ ಹೆಂಚನ್ನು ಕಿತ್ತೆಸೆಯುವುದನ್ನೂ ಹಾಗೆಯೇ ಕರೆಯಬಹುದು.

2008ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊ ನಗರದಲ್ಲಿ ಅರ್ಹತಾ ಪಂದ್ಯಾವಳಿಯ ಫೈನಲ್ ನಡೆಯಿತು. ಗ್ರೇಟ್ ಬ್ರಿಟನ್ ಎದುರು 0-2ರಿಂದ ಸೋತ ಭಾರತ 1928ರ ನಂತರ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಹೋಗಲೇ ಇಲ್ಲ. ಅಲ್-ಅಹ್ಲಿಗೆ 2022ರಲ್ಲಿ ಆದದ್ದು ನಮ್ಮ ಹಾಕಿಗೆ ಆದದ್ದು ಆ ದಿನ. ಅಭಿಮಾನಿಗಳ ಕೋಪ ಈ ಬಾರಿ ಆಟಗಾರರನ್ನು ದಾಟಿ ಆಡಳಿತವನ್ನು ಮುಟ್ಟಿತು. ಮುಂದಿನ ತಿಂಗಳೇ ಲಂಚದ ಆರೋಪವೊಂದು ಹೊರಬಿದ್ದು, ಕೆ.ಪಿ.ಎಸ್. ಗಿಲ್ ಅಧ್ಯಕ್ಷತೆಯ ಹಾಕಿ ಒಕ್ಕೂಟವನ್ನು ಭಾರತೀಯ ಒಲಿಂಪಿಕ್ ಸಂಸ್ಥೆ ಅಮಾನತುಗೊಳಿಸಿತು. 2009ರಲ್ಲಿ ‘ಹಾಕಿ ಇಂಡಿಯಾ’ ಹುಟ್ಟಿತು.

ಆಡಳಿತ ಬದಲಾದ ಕೂಡಲೇ ಆಟ ಬದಲಾಯಿತೇ? ಇಲ್ಲ. 2012ರ ಲಂಡನ್‌ನಲ್ಲಿ ಆಡಿದ ಆರೂ ಪಂದ್ಯಗಳನ್ನು ಸೋತು ಭಾರತ ಹನ್ನೆರಡನೆಯ, ಅಂದರೆ ಕೊನೆಯ ಸ್ಥಾನ ಪಡೆಯಿತು. ತರಬೇತುದಾರರ ಪಟ್ಟಿಯನ್ನು ನೋಡಿದರೆ ತಲೆ ತಿರುಗುತ್ತದೆ: ಬ್ರಾಸಾ, ನಾಬ್ಸ್, ವಾಲ್ಷ್, ವ್ಯಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ ಸಿಂಗ್, ರೀಡ್. 2009ರಿಂದ 2019ರವರೆಗೆ ಎಂಟು ಹೆಸರು. ಆದರೆ ಇದರ ಕೆಳಗೆ, ಮೊದಲ ಬಾರಿಗೆ, ಬೇರೊಂದು ಕೆಲಸ ನಡೆದಿತ್ತು. ಪಂಜಾಬಿನ ಅಕಾಡೆಮಿಗಳೂ ಒಡಿಶಾದ ಕ್ರೀಡಾ ವಸತಿನಿಲಯಗಳೂ ಹುಡುಗರನ್ನು ಬಾಲ್ಯದಲ್ಲಿಯೇ ಕೃತಕ ಹಾಸಿನ ಮೇಲೆ ನಿಲ್ಲಿಸತೊಡಗಿದವು. 2016ರಲ್ಲಿ ಲಖನೌದಲ್ಲಿ ಭಾರತ ಕಿರಿಯರ ವಿಶ್ವಕಪ್ ಗೆದ್ದಿತು. 2018ರಿಂದ ಒಡಿಶಾ ಸರ್ಕಾರ ರಾಷ್ಟ್ರೀಯ ತಂಡದ ಪ್ರಾಯೋಜಕತ್ವವನ್ನು ವಹಿಸಿಕೊಂಡಿತು. ಲಖನೌದಲ್ಲಿ ಗೆದ್ದ ಹರ್ಮನ್‌ಪ್ರೀತ್, ಮನ್‌ದೀಪ್, ಗುರ್ಜಂತ್, ಸುಮಿತ್, ನೀಲಕಂಠ ಶರ್ಮಾ ಇವರೇ ಐದು ವರ್ಷಗಳ ಬಳಿಕ ಟೋಕಿಯೋದಲ್ಲಿ ಆಡಿದರು. ಪುನರ್ನಿರ್ಮಾಣ ಎಂದರೆ ಇದು: ತಂಡವನ್ನಲ್ಲ, ತಂಡ ಹುಟ್ಟುವ ನೆಲವನ್ನು ಕಟ್ಟುವುದು.

2021ರ ಆಗಸ್ಟ್ 5, ಗುರುವಾರ. ಭಾರತದಲ್ಲಿ ಬೆಳಗಿನ ಏಳು, ರಿಯಾದಿನಲ್ಲಿ ನಾಲ್ಕೂವರೆ. ಜರ್ಮನಿಯ ವಿರುದ್ಧ 1-3ರ ಹಿನ್ನಡೆಯಿಂದ ಎದ್ದು ಭಾರತ 5-4ರಿಂದ ಗೆದ್ದಿತು. 41 ವರ್ಷಗಳ ನಂತರ ಒಲಿಂಪಿಕ್ ಪದಕ. ಆ ತಂಡ ಕೋವಿಡ್ ಕಾಲದಲ್ಲಿ ಮನೆಗೂ ಹೋಗದೆ ತಿಂಗಳುಗಟ್ಟಲೆ ತಯಾರಾದದ್ದು ನಮ್ಮ ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಆದರೆ ಹದಿನಾರರ ಪಟ್ಟಿಯಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಅರ್ಧದಷ್ಟು ಜನ ಪಂಜಾಬಿನವರು.

ಈ ಸಂಗತಿಯನ್ನು ಸಂಭ್ರಮದ ನಡುವೆ ನಾವು ಸಾಕಷ್ಟು ಗಮನಿಸಲಿಲ್ಲ. ಐದೇ ವರ್ಷಗಳ ಹಿಂದೆ, 2016ರ ರಿಯೋ ತಂಡದಲ್ಲಿ ಕೊಡಗಿನವರೇ ನಾಲ್ವರು: ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಸೋಮವಾರಪೇಟೆಯ ಸುನಿಲ್ ಬರಗಾಲದ ವರ್ಷಗಳನ್ನೆಲ್ಲ ಆಡಿ, ಲಂಡನ್ನಿನ ಆರು ಸೋಲುಗಳನ್ನೂ ಕಂಡು, 2014ರ ಏಷ್ಯನ್ ಚಿನ್ನದಲ್ಲಿ ಪಾಲು ಪಡೆದವರು. ಬೆಳೆ ಕೊಯ್ಲಿಗೆ ಬಂದಾಗ ಅವರು ಗದ್ದೆಯಲ್ಲಿರಲಿಲ್ಲ. ಟೋಕಿಯೋ ಮುಗಿದ ಎರಡು ತಿಂಗಳಲ್ಲಿ ಅವರು ನಿವೃತ್ತರಾದರು. ಪುನರ್ನಿರ್ಮಾಣಕ್ಕೆ ಬೆಲೆ ತೆರುವವರು ಸಾಮಾನ್ಯವಾಗಿ ಇಂಥವರೇ.

ಕೊಡಗಿನಲ್ಲಿ ಆಟದ ಪ್ರೀತಿ ಬತ್ತಿದೆಯೇ ಎಂದರೆ ಅದೂ ಅಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಹಬ್ಬವನ್ನು ಆರಂಭಿಸಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಇಂಥ ಹಬ್ಬ ಜಗತ್ತಿನಲ್ಲಿ ಇನ್ನೆಲ್ಲಿದೆ? ಆದರೆ ಆ ಪಂದ್ಯಗಳು ಬಹುಪಾಲು ನಡೆಯುವುದು ಹುಲ್ಲು ಮತ್ತು ಮಣ್ಣಿನ ಮೇಲೆ. ಹಬ್ಬಕ್ಕೆ ಅದು ಚೆಂದ. ಒಲಿಂಪಿಕ್ಸಿಗೆ ಆಟಗಾರನನ್ನು ಕಳಿಸಲು ಸಾಲದು.

ಇನ್ನೊಂದು ಕಾರಣವನ್ನು ನಾವು ಹೊರನಾಡಿನವರು ಹೇಳಿಕೊಳ್ಳಬೇಕು. ಹಿಂದೆ ಬೆಂಗಳೂರಿನ ಎಚ್‌ಎಎಲ್, ಐಟಿಐ, ಕೆನರಾ ಬ್ಯಾಂಕಿನಂಥ ಸಂಸ್ಥೆಗಳು, ಸೇನೆಯ ತಂಡಗಳು ಹಾಕಿ ಆಡುವವನಿಗೆ ಕೆಲಸ ಕೊಡುತ್ತಿದ್ದವು; ಕೋಲು ಹಿಡಿದರೆ ಅನ್ನಕ್ಕೆ ದಾರಿಯಿತ್ತು. ಈಗ ಅದೇ ಮನೆಯ ಹುಡುಗನಿಗೆ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬೆಂಗಳೂರು, ಆಮೇಲೆ ದುಬೈ, ದಮ್ಮಾಮ್ ಅಥವಾ ಜುಬೈಲ್. ಅದನ್ನು ತಪ್ಪೆನ್ನಲು ನಮ್ಮಲ್ಲಿ ಯಾರಿಗೂ ಬಾಯಿಲ್ಲ. 2013ರಲ್ಲಿ ಆರಂಭವಾಗಿ ಮೊನ್ನೆ ಮತ್ತೆ ಜೀವ ಪಡೆದ ಹಾಕಿ ಇಂಡಿಯಾ ಲೀಗಿನಲ್ಲಿ ಬೆಂಗಳೂರಿನ ಹೆಸರಿನ ತಂಡವೇ ಆಡಿಲ್ಲ ಎಂಬುದು ಮಾತ್ರ ನುಂಗಲಾರದ ಸಂಗತಿ. ಸಾಫ್ಟ್‌ವೇರ್ ರಾಜಧಾನಿಗೆ ಹನ್ನೊಂದು ಜನರ ಒಂದು ಹಾಕಿ ತಂಡವನ್ನು ಸಾಕುವುದು ಭಾರವೇ?

ಹಳೆಯ ಆಟಗಾರರ ಹೆಸರುಗಳನ್ನು ಎಣಿಸುತ್ತ ಕೂರುವುದು ಸುಖದ ಕೆಲಸ. ಪಾಕಿಸ್ತಾನದವರು ಅದನ್ನೇ ಮಾಡಿದರು. 2016, 2020, 2024ರ ಮೂರೂ ಒಲಿಂಪಿಕ್ಸಿಗೆ ಅವರ ತಂಡ ಅರ್ಹತೆ ಪಡೆಯಲಿಲ್ಲ. ಕರ್ನಾಟಕಕ್ಕೂ ಈಗ ಅದೇ ಕವಲುದಾರಿ ಎದುರಾಗಿದೆ. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 8ರಂದು ಸ್ಪೇನನ್ನು 2-1ರಿಂದ ಮಣಿಸಿ ಭಾರತ ಮತ್ತೆ ಕಂಚು ಗೆದ್ದಾಗಲೂ ಪಟ್ಟಿಯಲ್ಲಿ ನಮ್ಮವರಿರಲಿಲ್ಲ.

ಆದರೂ ಒಂದು ಹೆಸರನ್ನು ನಮ್ಮ ಮಕ್ಕಳು ನೆನಪಿನಲ್ಲಿಡಬಹುದು. 2023ರಲ್ಲಿ ನಮ್ಮ ನೆರೆಯ ಒಮಾನಿನ ಸಲಾಲಾದಲ್ಲಿ ಐವರು ಆಡುವ ಹಾಕಿಯ ಏಷ್ಯಾ ಕಪ್ ನಡೆಯಿತು. ಪಾಕಿಸ್ತಾನದ ವಿರುದ್ಧದ ಫೈನಲ್‌ನಲ್ಲಿ ಭಾರತ ಹಿಂದೆ ಬಿದ್ದಿದ್ದಾಗ ಗೋಲು ಹೊಡೆದು ಪಂದ್ಯವನ್ನು ಸಮಕ್ಕೆ ತಂದವನು ಕರ್ನಾಟಕದ ಮೊಹಮ್ಮದ್ ರಾಹೀಲ್. ಶೂಟೌಟ್‌ನಲ್ಲಿ ಭಾರತ ಗೆದ್ದಿತು. ಮರುವರ್ಷ ಅವನು ಹನ್ನೊಂದರ ತಂಡದ ಅಂಗಿಯನ್ನೂ ತೊಟ್ಟನು.