ಮೇಣ ಕರಗಿದ ಮೇಲೆ ಮೂರ್ತಿ

ಶಹಾಪುರ ತಾಲ್ಲೂಕಿನ ಶಿರವಾಳದಲ್ಲಿ ಚಾಲುಕ್ಯರ ಕಾಲದ ಕಲ್ಲಿನ ಗುಡಿಗಳಿವೆ. ಲೋಹದ ಮೂರ್ತಿ ಎರೆಯುವ ಬಗೆಯೂ ಆ ಕಾಲಕ್ಕೆ ಗೊತ್ತಿತ್ತು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ (1126-1138) ಅದನ್ನು ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಬರೆದಿಟ್ಟಿದ್ದಾನೆ.

ಮೊದಲು ಮೇಣದಲ್ಲಿ ಮೂರ್ತಿ ತಿದ್ದಿ, ಹಿಂಬದಿಗೆ ಮೇಣದ ನಾಳ ಅಂಟಿಸಬೇಕು. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಬೆರೆಸಿ ಅರೆದ ಮಣ್ಣನ್ನು ಮೂರು ಸಲ ಮೆತ್ತಿ ಒಣಗಿಸಬೇಕು. ಕಾಯಿಸಿದರೆ ಮೇಣ ನಾಳದಿಂದ ಸೋರಿಹೋಗುತ್ತದೆ. ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುವುದು.

ಗುಟ್ಟೆಲ್ಲ ತಕ್ಕಡಿಯಲ್ಲಿದೆ. ಮಣ್ಣು ಮೆತ್ತುವ ಮುನ್ನವೇ ಮೇಣವನ್ನು ತೂಗಿಡಬೇಕು. ಬೆಳ್ಳಿಯಾದರೆ ಅದರ 12 ಪಟ್ಟು, ಚಿನ್ನವಾದರೆ 16 ಪಟ್ಟು ಎಂಬುದು ದೊರೆಯ ಲೆಕ್ಕ. ಲೋಹ ಸಾಲದೆ ಹೋದರೆ ಮೂರ್ತಿ ಊನ. ಮತ್ತೆ ಎರೆಯೋಣವೆಂದರೆ ಮೇಣದ ಮಾದರಿ ಆಗಲೇ ಕರಗಿಹೋಗಿರುತ್ತದೆ. ಮೂರ್ತಿ ಹೊರತೆಗೆಯಲು ಮಣ್ಣಿನ ಅಚ್ಚನ್ನೂ ಒಡೆದಾಗಿರುತ್ತದೆ.