ನಳಿಗೆಯೊಳಗಿನ ಉಪ್ಪು

ಕನ್ನಡದಲ್ಲಿ ಕಾಯಿಲೆಗೆ ಕೊಡುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ತರಗತಿಯಲ್ಲಿ ನಾನಾರ್ಥಗಳ ಪಾಠ ಬಂದಾಗಲೆಲ್ಲ ಈ ಮಾತನ್ನು ಹೇಳಿ ಹುಡುಗರನ್ನು ನಗಿಸುವುದು ನನ್ನ ವಾಡಿಕೆ. ಆದರೆ ಎರಡನೆಯ ಮದ್ದಿನ ವಿಷಯದಲ್ಲಿ ನನಗೆ ಮಾತ್ರ ನಗು ಬರುವುದಿಲ್ಲ. ಅದು ಸಿಡಿದುಹೋದಮೇಲೆ ನಳಿಗೆಯೊಳಗೆ ಬಿಟ್ಟುಹೋಗುವ ನಂಜು ಎಂಥದೆಂಬುದನ್ನು ನಾನು ಕಲಿತದ್ದು ನನ್ನ ತಾತನ ಕೋವಿಯೊಂದನ್ನು ಕೆಡಿಸಿದ ಮೇಲೆ.

ನಮ್ಮೂರು ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಕಪಿಲೆಯ ದಂಡೆಗೆ ಹತ್ತಿರ. ಗದ್ದೆಯಲ್ಲಿ ಬತ್ತ, ಕಬ್ಬು. ಅವುಗಳ ಹಿಂದೆಯೇ ಹಂದಿಗಳ ಕಾಟ. ಬೆಳೆಯ ರಕ್ಷಣೆಗೆಂದು ಲೈಸೆನ್ಸು ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ ತಾತನ ಹತ್ತಿರ ಇತ್ತು. ಅದರಿಂದ ಅವರು ಹಂದಿಯನ್ನು ಕೊಂದದ್ದನ್ನು ನಾನು ಕಾಣೆ. ರಾತ್ರಿ ಒಂದೆರಡು ಸಲ ಹಾರಿಸಿ ಸದ್ದು ಮಾಡಿದರೆ ಅವರ ಕೆಲಸ ಮುಗಿಯುತ್ತಿತ್ತು. ಆದರೆ ಮಾರನೆಯ ಬೆಳಗ್ಗೆ ಕೋವಿಯ ಸ್ನಾನ ಮಾತ್ರ ತಪ್ಪುತ್ತಿರಲಿಲ್ಲ.

ಮೊದಲು ಗಜವನ್ನು ನಳಿಗೆಯೊಳಕ್ಕೆ ಬಿಟ್ಟು ಅದು ತಳ ಮುಟ್ಟುವ ಸದ್ದನ್ನು ಕಿವಿಗೊಟ್ಟು ಕೇಳುವರು. ಗಜದ ಮೇಲೊಂದು ಗೀರು ಇತ್ತು. ಕೋವಿ ಬರಿದಾಗಿದ್ದರೆ ಗೀರು ನಳಿಗೆಯ ಬಾಯಿಗೆ ಸಮನಾಗಿ ನಿಲ್ಲಬೇಕು. ಮೇಲೆ ನಿಂತರೆ ಒಳಗೆ ಇನ್ನೂ ಈಡು ಇದೆಯೆಂದು ಅರ್ಥ. ಇದಾದ ಮೇಲೆಯೇ ನಳಿಗೆಯನ್ನು ಮರದಿಂದ ಬಿಡಿಸಿ, ಬುಡವನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು, ಬಿದಿರುಕಡ್ಡಿಯ ತುದಿಗೆ ಹಳೆಯ ಪಂಚೆಯ ಚಿಂದಿಯನ್ನು ಬಿಗಿಯಾಗಿ ಸುತ್ತಿ ಮೇಲಕ್ಕೂ ಕೆಳಕ್ಕೂ ಎಳೆಯುವುದು. ಕೇಪು ಕೂರುವ ಮೊಲೆಯ ಸಣ್ಣ ತೂತಿನಿಂದ ನೀರು ಒಳಕ್ಕೆ ಹೀರಿ ಮತ್ತೆ ಹೊರಕ್ಕೆ ಚಿಮ್ಮುತ್ತಿತ್ತು, ಓಕುಳಿಯ ಜೀರ್ಕೊಳವೆಯಂತೆ. ಮೊದಲ ನೀರು ಕಪ್ಪು. ಅದಕ್ಕೆ ಕೊಳೆತ ಮೊಟ್ಟೆಯ ನಾತ. ಎರಡನೆಯದು ಬೂದಿಬಣ್ಣ. ಮೂರನೆಯದೋ ನಾಲ್ಕನೆಯದೋ ತಿಳಿಯಾದ ಮೇಲೆ ಒಣ ಚಿಂದಿ, ಒಲೆಯ ಬಳಿಯ ಕಾವು, ಕೊನೆಗೆ ನಾಲ್ಕು ಹನಿ ಹರಳೆಣ್ಣೆ.

ಕಬ್ಬಿಣಕ್ಕೆ ನೀರು ಹುಯ್ಯುವುದೆ! ನನಗೆ ಇದು ಶುದ್ಧ ಅವಿವೇಕವಾಗಿ ಕಂಡಿತು. ಆಗ ನಾನು ಬಿ.ಎ. ಓದುತ್ತಿದ್ದೆ, ಎನ್.ಸಿ.ಸಿ.ಯಲ್ಲಿ .22 ರೈಫಲು ಹಿಡಿದವನೆಂಬ ಹೆಮ್ಮೆ ಬೇರೆ. ಅಲ್ಲಿ ನಮಗೆ ಕಲಿಸಿದ್ದ ಸಾಧನ ಪುಲ್‌ತ್ರೂ: ಒಂದು ತುದಿಯಲ್ಲಿ ಹಿತ್ತಾಳೆಯ ಗುಂಡು, ಇನ್ನೊಂದು ತುದಿಯಲ್ಲಿ ಚಿಂದಿ ಸಿಕ್ಕಿಸಲು ಕುಣಿಕೆಗಳುಳ್ಳ ಹುರಿ. ನಾಲ್ಕಂಗುಲ ಉದ್ದ, ಎರಡಂಗುಲ ಅಗಲದ ಬಟ್ಟೆಗೆ ಸೈನ್ಯದವರು ಹೇಳುವ ಹೆಸರೂ ಚಿಂದಿಯೇ. ನಮ್ಮ ಹವಾಲ್ದಾರರು ಹುರಿಯನ್ನು ನೇರವಾಗಿ ಎಳೆಯದವರನ್ನು ಬಿಡುತ್ತಲೇ ಇರಲಿಲ್ಲ. ಓರೆಯಾಗಿ ಎಳೆದರೆ ಹುರಿ ನಳಿಗೆಯ ಬಾಯಂಚನ್ನು ಸವೆಸುತ್ತದೆ, ಬಾವಿಯ ಕಲ್ಲನ್ನು ಹಗ್ಗ ಸವೆಸುವ ಹಾಗೆಯೇ. ಬಾಯಂಚು ಕೆಟ್ಟ ರೈಫಲು ಗುರಿಗೆ ಹೊಡೆಯುವುದಿಲ್ಲ. ಆದರೆ ಅಲ್ಲಿ ನೀರಿನ ಮಾತೇ ಇರಲಿಲ್ಲ. ಚಿಂದಿ, ಎಣ್ಣೆ, ಮತ್ತೆ ಚಿಂದಿ.

1999ರ ಸೆಪ್ಟೆಂಬರಿನಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ಬಂತು. ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಾಯಿತು. ತಾತನಿಗೆ ಜ್ವರ. ಹಿಂದಿನ ರಾತ್ರಿಯೇ ಹಾರಿಸಿದ್ದ ಕೋವಿಯನ್ನು ಶುಚಿಮಾಡಿ ಒಪ್ಪಿಸುವ ಹೊಣೆಯನ್ನು ನಾನು ಹೊತ್ತೆ. ಗಜಕ್ಕೆ ಚಿಂದಿ ಸುತ್ತಿ, ಮಸಿ ಒರೆಸಿ, ಪೇಟೆಯಿಂದ ತಂದ ಮೆಷಿನ್ ಎಣ್ಣೆಯನ್ನು ಧಾರಾಳವಾಗಿ ಹುಯ್ದು, ನನ್ನ ಕೆಲಸವನ್ನು ನಾನೇ ಮೆಚ್ಚಿಕೊಂಡೆ.

ನಾನು ಮಾಡಿದ ತಪ್ಪೇನೆಂದು ಹೇಳಬೇಕಾದರೆ ಮದ್ದಿನ ಸ್ವಭಾವವನ್ನು ಸ್ವಲ್ಪ ನೋಡಬೇಕು. ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಉರಿದಾಗ ಅದೆಲ್ಲವೂ ಗಾಳಿಯಾಗಿ ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಘನವಾಗಿಯೇ ಉಳಿಯುತ್ತದೆ. ಸ್ವಲ್ಪ ಹೊಗೆಯೊಡನೆ ಹಾರಿಹೋಗಿ, ಮಿಕ್ಕದ್ದು ನಳಿಗೆಗೆ ಅಂಟುತ್ತದೆ. ಇದರಲ್ಲಿ ಹೆಚ್ಚಿನದು ಒಲೆಯ ಬೂದಿಯಲ್ಲಿರುವಂಥ ಕ್ಷಾರದ ಉಪ್ಪು. ಮಳೆಗಾಲದಲ್ಲಿ ಬೂದಿ ತಾನಾಗಿಯೇ ತೇವಗೊಳ್ಳುವುದನ್ನು ನಮ್ಮ ಹೆಂಗಸರೆಲ್ಲ ಬಲ್ಲರು. ಈ ಉಪ್ಪು ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಕಲ್ಲೆಣ್ಣೆಯಿಂದ ತೆಗೆದ ಮೆಷಿನ್ ಎಣ್ಣೆ ಮಸಿಯೊಡನೆ ಕೂಡಿ ಟಾರಿನಂಥ ಜಿಗುಟಾಗುತ್ತದೆ ಕೂಡ.

ಇದು ಒಂದು ಹಳ್ಳಿಯ ಕೋವಿಗಷ್ಟೇ ಸಂಬಂಧಿಸಿದ ಮಾತಲ್ಲ. ಟಿಪ್ಪುವಿನ ಸಿಪಾಯಿಗಳ ಕೈಯಲ್ಲಿದ್ದದ್ದು ಚಕಮಕಿ ಕಲ್ಲಿನ, ಒಳಮೈ ನುಣುಪಾದ ಕೋವಿ. ಎದುರಿನ ಕಂಪನಿ ಸಿಪಾಯಿಗಳದೂ ಅದೇ ಜಾತಿಯದು. ನಳಿಗೆಯೊಳಗೆ ಸುರುಳಿಗೆರೆ ಕೊರೆದರೆ ಗುಂಡು ತಿರುಗುತ್ತ ನೇರವಾಗಿ ಹೋಗುತ್ತದೆಂಬುದು ಯೂರೋಪಿನಲ್ಲಿ ಅದಕ್ಕೆ ಬಹಳ ಹಿಂದೆಯೇ ತಿಳಿದಿತ್ತು. ಆದರೂ ಸೈನ್ಯಗಳು ಅದನ್ನು ಎಲ್ಲರ ಕೈಗೂ ಕೊಡಲಿಲ್ಲ. ಗೆರೆಗೆ ಕಚ್ಚುವಂತೆ ಬಿಗಿಯಾಗಿರುವ ಗುಂಡು, ಕೆಲವು ಈಡುಗಳಾಗಿ ಗೆರೆಗಳಲ್ಲಿ ಕಿಟ್ಟ ಕಟ್ಟಿದರೆ, ಬಾಯಿಯಿಂದ ಕೆಳಗಿಳಿಯಲು ಒಲ್ಲದು. ಯುದ್ಧದ ನಡುವೆ ನೀರು ಕಾಯಿಸುವವರಾರು? ನುಣುಪು ನಳಿಗೆಯಲ್ಲಿ ಗುಂಡು ಸಡಿಲ, ಗುರಿಯೂ ಸಡಿಲವೆನ್ನಿ.

ಈ ತೊಡಕನ್ನು ಬಿಡಿಸಿದ ಕೋವಿಗಳಲ್ಲಿ ಒಂದು 1853ರ ಎನ್‌ಫೀಲ್ಡ್. ಅದರಲ್ಲಿ ಮೂರು ಗೆರೆ. ಗುಂಡು ನಳಿಗೆಗಿಂತ ತುಸು ಸಣ್ಣದು. ಸಿಡಿದಾಗ ಬುಡ ಹಿಗ್ಗಿ ಗೆರೆಗೆ ಕಚ್ಚುತ್ತದೆ. ಅದರ ಕಾಗದದ ತೋಟೆಗೆ ಜಿಡ್ಡು ಸವರಿದ್ದು ಗುಂಡು ಸಲೀಸಾಗಿ ಇಳಿಯಲೆಂದು, ಒಳಗಿನ ಕಿಟ್ಟ ಮೆತ್ತಗಿರಲೆಂದು. 1857ರಲ್ಲಿ ಆ ಜಿಡ್ಡು ಹಸುವಿನದೋ ಹಂದಿಯದೋ ಎಂಬ ಗುಲ್ಲು ಎಬ್ಬಿಸಿದ ಕಿಚ್ಚನ್ನು ಶಾಲೆಯ ಪಠ್ಯದಲ್ಲಿ ಎಲ್ಲರೂ ಓದಿದ್ದೇವೆ. ಕೊಳಕು ನಳಿಗೆಯ ಕಾಟವೇ ಆ ಜಿಡ್ಡಿಗೆ ಮೂಲವೆಂಬುದನ್ನು ಪಠ್ಯ ಹೇಳುವುದಿಲ್ಲ.

ಮುಂದೆ ಹಿಂಬದಿಯಿಂದ ತೋಟೆ ತುಂಬುವ ರೈಫಲು ಬಂದಾಗ ನಳಿಗೆ ಎರಡು ಕಡೆಯೂ ತೆರೆದುಕೊಂಡಿತು. ಹುರಿಯನ್ನು ಬುಡದಿಂದ ಬಿಟ್ಟು ಬಾಯಿಯಿಂದ ಎಳೆಯುವುದು ಸಾಧ್ಯವಾಯಿತು. ತಾತನ ಕೋವಿಯಂಥ ಬುಡ ಮುಚ್ಚಿದ ನಳಿಗೆಗೆ ಕಡ್ಡಿಯೇ ಗತಿ. ನನ್ನನ್ನು ಕೇಳಿದರೆ, ಮನೆಯಲ್ಲಿರುವಾಗ ಕಡ್ಡಿ, ಬಯಲಿನಲ್ಲಿ ಹುರಿ. ಕಡ್ಡಿಯೂ ಹಿತ್ತಾಳೆಯದಾದರೆ ಲೇಸು: ಅದು ಉಕ್ಕಿಗಿಂತ ಮೆದು, ನಳಿಗೆಯನ್ನು ಗೀರದು. ಬಿದಿರು ಮೆದುವೇನೋ ನಿಜ. ಆದರೆ ಮರಳು ಕಚ್ಚಿಕೊಂಡರೆ ಅದೇ ಅರವಾಗುತ್ತದೆ.

1888ರ ಲೀ-ಮೆಟ್‌ಫರ್ಡ್ ರೈಫಲಿಗೆ ಕಿಟ್ಟ ಕೂರದಂತೆ ಆಳವಿಲ್ಲದ, ಅಂಚು ದುಂಡಾದ ಏಳು ಗೆರೆಗಳನ್ನು ಕೊರೆದರು. ಅಷ್ಟರಲ್ಲೇ ಕರಿಮದ್ದು ಹೋಗಿ ಹೊಗೆಯಿಲ್ಲದ ಕಾರ್ಡೈಟ್ ಬಂತು. ಅದರ ಉರಿಗೆ ಆ ಗೆರೆಗಳು ಬೇಗ ಸವೆದುಹೋಗಿ, 1895ರಲ್ಲಿ ಆಳವಾದ ಐದು ಗೆರೆಗಳ ಲೀ-ಎನ್‌ಫೀಲ್ಡ್ ಬಂತು. ಕಿಟ್ಟಕ್ಕೆಂದು ಮಾಡಿದ ಉಪಾಯ ಉರಿಗೆ ಬಲಿಯಾಯಿತು.

ಇಲ್ಲಿಯೇ ಒಂದು ಒಗಟು ಹುಟ್ಟಿತು. ಕಾರ್ಡೈಟ್ ಉರಿದರೆ ಉಪ್ಪು ಉಳಿಯುವುದಿಲ್ಲ. ಆದರೂ ಒರೆಸಿ ಎಣ್ಣೆ ಬಳಿದ ನಳಿಗೆ ನಾಲ್ಕು ದಿನ ಕಳೆದು ತುಕ್ಕು ಹಿಡಿಯುತ್ತಿತ್ತು. ಉಕ್ಕಿನ ರಂಧ್ರಗಳಲ್ಲಿ ಹೊಕ್ಕ ಅನಿಲ ಬೆವರಾಗಿ ಹೊರಬರುತ್ತದೆಂದರು ಕೆಲವರು. ಮದ್ದಿನಲ್ಲಿ ಆಮ್ಲ ಹುಟ್ಟುತ್ತದೆಂದರು ಇನ್ನು ಕೆಲವರು. ಬ್ರಿಟಿಷ್ ಸಿಪಾಯಿ ಮಾತ್ರ ವಾದಕ್ಕೆ ಹೋಗದೆ, ಆಲಿಕೆ ಇಟ್ಟು ಕುದಿನೀರು ಹುಯ್ಯುತ್ತಿದ್ದ. 1922ರಲ್ಲಿ ಅಮೆರಿಕದ ಗಣಿ ಇಲಾಖೆಯ ವಿಲ್ಬರ್ಟ್ ಹಫ್ ಎಂಬವರು ಎಣ್ಣೆಯ ಪದರದ ಕೆಳಗಿನ ತುಕ್ಕಿನ ಬಗೆಗೆ ಒಂದು ಪ್ರಬಂಧ ಪ್ರಕಟಿಸಿದರು. ಕಳ್ಳ ಸಿಕ್ಕಿದ್ದು ಮದ್ದಿನಲ್ಲಲ್ಲ, ಕೇಪಿನಲ್ಲಿ. ಕೇಪಿನೊಳಗಿನ ಪೊಟಾಸಿಯಂ ಕ್ಲೋರೇಟು ಸಿಡಿದು ನಮ್ಮ ಅಡುಗೆ ಉಪ್ಪಿನ ದಾಯಾದಿಯಂಥ ಒಂದು ಉಪ್ಪಾಗುತ್ತದೆ. ಅದು ಎಣ್ಣೆಯ ಅಡಿಯಲ್ಲೇ ಕುಳಿತು ಗಾಳಿಯ ತೇವವನ್ನು ಸೆಳೆದುಕೊಳ್ಳುತ್ತದೆ. ಅದೇ ದಶಕದಲ್ಲಿ ಜರ್ಮನಿಯಲ್ಲಿ ತುಕ್ಕು ತರದ ಕೇಪುಗಳು ಬಂದವು. ನಮ್ಮ .22 ತೋಟೆಗಳು ಈ ಹೊಸ ಸಂತತಿಯವು; ಅಲ್ಲಿಗೆ ಎಣ್ಣೆಯೇ ಸಾಕು. ಹವಾಲ್ದಾರರು ಹೇಳಿದ್ದು ಸರಿಯೇ. ಅವರ ಪಾಠವನ್ನು ಬೇರೊಂದು ಕಾಲದ ಕೋವಿಗೆ ಹಚ್ಚಿದವನು ನಾನು.

ಕೋವಿಯ ಆರೈಕೆಯ ಮಾತು ಬಂದಾಗ ಕೊಡಗನ್ನು ಬಿಡುವಂತಿಲ್ಲ. ಆಯುಧ ಕಾಯಿದೆಯಿಂದ ಕೊಡವರಿಗೆ 1861ರಲ್ಲಿ ವಿನಾಯಿತಿ ದೊರಕಿತು. ಇಂದಿಗೂ ಅದು ನಡೆದುಬಂದಿದೆ. ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ ಕತ್ತಿಗಳನ್ನೆಲ್ಲ ಶುಚಿಗೊಳಿಸಿ, ತೋಕ್‌ಪೂ ಎಂದರೆ ಕೋವಿಹೂವನ್ನು ಮುಡಿಸಿ ಪೂಜಿಸುತ್ತಾರೆ. ಅಷ್ಟು ಮಳೆ ಹೊಯ್ಯುವ ನಾಡಿನಲ್ಲಿ ಮಳೆ ಇಳಿಯುವ ಹೊತ್ತಿಗೇ ಈ ಹಬ್ಬ ಬೀಳುವುದು ಬರಿಯ ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ನಮ್ಮ ಕೋವಿ ಅಕ್ಟೋಬರಿನಲ್ಲಿ ಠಾಣೆಯಿಂದ ಮರಳಿತು. ಹೊರಗೆಲ್ಲ ಥಳಥಳ. ತಾತ ಗಜಕ್ಕೆ ಚಿಂದಿ ಸುತ್ತಿ ಒಳಕ್ಕೆ ಬಿಟ್ಟರು. ಅದು ತಳಕ್ಕೆ ಗೇಣುದ್ದವಿರುವಾಗ ಸಿಕ್ಕಿಕೊಂಡಿತು. ಎಳೆದಾಗ ಚಿಂದಿ ಕೆಮ್ಮಣ್ಣಿನ ಬಣ್ಣವಾಗಿತ್ತು.

“ನೀರ್ ಹುಯ್ದಿದ್ದ್ಯಾ ಮೊಗ?”

“ಇಲ್ಲ ತಾತ. ಎಣ್ಣೆ ಬಿಟ್ಟಿದ್ದೆ, ಚೆನ್ನಾಗಿ.”

ಅವರು ಮತ್ತೇನೂ ಕೇಳಲಿಲ್ಲ. ಆ ವಾರ ಮೈಸೂರಿನ ಕೋವಿ ರಿಪೇರಿಯವರೊಬ್ಬರು ಬುಡದ ತಿರುಪು ಬಿಚ್ಚಿ ನಳಿಗೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮದ್ದು ಕೂರುವ ಜಾಗದಲ್ಲಿ ಸಿಡುಬಿನ ಕಲೆಗಳಂತೆ ಗುಳಿಗಳು. ಇದಕ್ಕಿನ್ನು ಮದ್ದು ತುಂಬಬೇಡಿ, ಸೀಳಿದರೆ ಕೈ ಹೋದೀತು ಎಂದರು. ಊರಿಗೆ ಬಂದ ತಾತ ಹಂಡೆಯಲ್ಲಿ ನೀರು ಕಾಯಿಸಿ, ಇನ್ನೆಂದೂ ಹಾರದ ಆ ನಳಿಗೆಯನ್ನು ಎಂದಿನಂತೆ ಮೂರು ನೀರಿಗೆ ತೊಳೆದು, ಒಣಗಿಸಿ, ಹರಳೆಣ್ಣೆ ಹಚ್ಚಿ ಅಟ್ಟದ ಮೇಲಿಟ್ಟರು. ಆ ವರ್ಷ ಕಬ್ಬು ಕಡಿಯುವವರೆಗೂ ರಾತ್ರಿ ಗದ್ದೆಯಲ್ಲಿ ಕುಳಿತು ಸೀಮೆಎಣ್ಣೆ ಡಬ್ಬ ಬಡಿಯುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಡಬ್ಬ ಹಿಡಿದು ನಾನು.